ತೊಳೆಯದ ಸ್ಪಂಜು

ಶನಿವಾರ ಬೆಳಿಗ್ಗೆ ಕಪ್ತಾನ್ ಸ್ಕೇವೊಸ್‌ನ ದೋಣಿ, ಸ್ಪಂಜು ತೆಗೆಯುವವರ ಊರಾದ ಟಾರ್ಪನ್ ಸ್ಪ್ರಿಂಗ್ಸ್‌ನ ಧಕ್ಕೆಗೆ ಬಂದಾಗ, ಕಾಫಿ ಅಂಗಡಿಯ ಮುಂದೆ ಕೂತು ಊರ ಸುದ್ದಿ ಹರಟುತ್ತಿದ್ದ ಮುದುಕರೆಲ್ಲ ಮಾತು ನಿಲ್ಲಿಸಿ ಅತ್ತ ತಿರುಗಿದರು. ದೋಣಿಯ ಕಂಬದಿಂದ ಕಂಬಕ್ಕೆ ಕಟ್ಟಿದ ಹಗ್ಗದಲ್ಲಿ ಹತ್ತು ಸ್ಪಂಜುಗಳು ತೂಗುತ್ತಿದ್ದವು. ಎಲ್ಲವೂ ಜೇನಿನ ಬಣ್ಣ, ಹುಡುಕಿದರೂ ಒಂದು ಕಲೆ ಇಲ್ಲ. ಅಷ್ಟು ಚೊಕ್ಕವಾಗಿ ತೊಳೆದ ಸ್ಪಂಜನ್ನು ಆ ಧಕ್ಕೆ ವರ್ಷಕ್ಕೊಮ್ಮೆ ನೋಡಿದರೆ ಹೆಚ್ಚು.

“ಯಾರ ಮದುವೆಗೆ ಕಪ್ತಾನಾ ಇದೆಲ್ಲ?” ಎಂದು ಒಬ್ಬ ಕೂಗಿದ.

“ನನ್ನ ಮಗಳ ಲ್ಯಾಬಿಗೆ!” ಸ್ಕೇವೊಸ್ ಚುಕ್ಕಾಣಿ ಬಿಡದೆಯೇ ಉತ್ತರ ಕೊಟ್ಟ. “ವಿಜ್ಞಾನಕ್ಕೆ ಕಣ್ರೋ! ನಿಮ್ಮ ಬೆನ್ನುಜ್ಜೋಕಲ್ಲ!”

ಧಕ್ಕೆಯ ಮೇಲೆ ನಿಂತಿದ್ದ ಮಗಳು ಥೆಮೆಲಿನಾಳ ಎದೆ ಧಸಕ್ಕೆಂದಿತು. ಅವಳ ಕಾಲ ಬಳಿ ಐಸು ತುಂಬಿದ ದೊಡ್ಡ ಪೆಟ್ಟಿಗೆಯಿತ್ತು. ಬೆಳಿಗ್ಗೆ ಐದಕ್ಕೆ ಎದ್ದು, ಐಸು ಕೊಂಡು, ಟ್ಯಾಂಪಾದಿಂದ ಒಂದು ಗಂಟೆ ಕಾರು ಓಡಿಸಿಕೊಂಡು ಬಂದಿದ್ದಳು. ಈಗ ಆ ಪೆಟ್ಟಿಗೆಗೆ ಕೆಲಸವೇ ಇರಲಿಲ್ಲ.

ಸ್ಪಂಜು ಕಡಲ ತಳದಲ್ಲಿದ್ದಾಗ ಹೀಗಿರುವುದಿಲ್ಲ. ಕರ್ರಗೆ, ಲೋಳೆಲೋಳೆಯಾಗಿ, ಚರ್ಮ ಮಾಂಸ ಎಲ್ಲ ಇರುವ ಪ್ರಾಣಿ ಅದು. ನಾವು ಮೈ ಉಜ್ಜುವುದು ಅದರ ಅಸ್ಥಿಪಂಜರವನ್ನು ಮಾತ್ರ. ಉಳಿದದ್ದನ್ನು ಕಳೆಯುವುದೇ ಆ ದೋಣಿಗಳ ವಿದ್ಯೆ. ಕಿತ್ತು ತಂದ ಸ್ಪಂಜನ್ನು ಒದ್ದೆ ಗೋಣಿಯ ಕೆಳಗೆ ಎರಡು ದಿನ ಮುಚ್ಚಿಟ್ಟು ಕೊಳೆಸಬೇಕು, ಆಮೇಲೆ ಕಾಲಲ್ಲಿ ತುಳಿದು, ಹಿಂಡಿ, ಕೋಲಿನಿಂದ ಬಡಿದು, ಮತ್ತೆ ಮತ್ತೆ ಕಡಲ ನೀರಲ್ಲಿ ಜಾಲಾಡಬೇಕು. ಕಪ್ಪು ಗಲೀಜೆಲ್ಲ ಕಡಲಿಗೆ ಹೋಗುತ್ತದೆ, ಚಿನ್ನದಂಥದ್ದು ಕೈಯಲ್ಲಿ ಉಳಿಯುತ್ತದೆ. ಯಾವ ಕಪ್ತಾನನ ಸ್ಪಂಜಿನಲ್ಲಿ ಹಿಂಡಿದಾಗ ಕಪ್ಪು ನೀರು ಬರುತ್ತದೋ ಅವನಿಗೆ ಆ ಧಕ್ಕೆಯಲ್ಲಿ ಮಾನ ಇಲ್ಲ. ಸ್ಕೇವೊಸ್‌ನ ಸ್ಪಂಜಿನಲ್ಲಿ ನಲವತ್ತು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಥೆಮೆಲಿನಾಗೆ ಬೇಕಾಗಿದ್ದದ್ದು ಆ ಕಪ್ಪು ಗಲೀಜೇ.

ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಅವಳು ಕಡಲ ಸ್ಪಂಜುಗಳ ಮಾಂಸವನ್ನು ಅರೆದು, ಸಾರ ತೆಗೆದು, ಅದನ್ನು ರೋಗನಿರೋಧಕ ಕೋಶಗಳ ಮೇಲೆ ಹನಿಸಿ ನೋಡುವ ಕೆಲಸ ಮಾಡುತ್ತಿದ್ದಳು. ನಲವತ್ತು ಜಾತಿಯ ಸ್ಪಂಜು ನೋಡಿದ್ದಾಗಿತ್ತು. ಅವುಗಳಲ್ಲಿ ಒಂದು, ದೋಣಿಯವರು ‘ಮುದುಕಿ’ ಎಂದು ಅಡ್ಡಹೆಸರಿಟ್ಟ ಸುಕ್ಕುಸುಕ್ಕಿನ ಅಗ್ಗದ ಜಾತಿ, ಎಂಟು ತಿಂಗಳ ಹಿಂದೆ ಅವಳನ್ನು ಕುರ್ಚಿಯಿಂದ ಎಬ್ಬಿಸಿ ಕುಣಿಸಿತ್ತು. ಅದರ ಸಾರ ಬಿದ್ದ ಕಡೆ ಕೆರಳಿದ ಕೋಶಗಳು ತಣ್ಣಗಾಗಿದ್ದವು, ಉರಿಯೂತ ಇಳಿದಿತ್ತು. ಆದರೆ ತಂದಿಟ್ಟಿದ್ದ ಮುದುಕಿಯೆಲ್ಲ ಆ ಪರೀಕ್ಷೆಗಳಲ್ಲೇ ಖರ್ಚಾಗಿತ್ತು. ಬರುವ ಶುಕ್ರವಾರ ಲ್ಯಾಬಿನ ಮುಖ್ಯಸ್ಥೆ ಡಾಕ್ಟರ್ ಹ್ಯಾಡಿಕ್ಸ್ ನಲವತ್ತರಲ್ಲಿ ಐದನ್ನು ಮಾತ್ರ ಉಳಿಸಿಕೊಂಡು ಉಳಿದದ್ದನ್ನು ಕೈಬಿಡುವವಳಿದ್ದಳು. “ಒಂದು ಸಲ ಆಗಿದ್ದು ಅದೃಷ್ಟಾನೂ ಇರಬಹುದು. ಹೊಸ ಸ್ಪಂಜು ತಂದು ಇನ್ನೊಂದು ಸಲ ಮಾಡಿ ತೋರಿಸು, ಆಗ ನಿನ್ನ ಮುದುಕಿ ಉಳೀತಾಳೆ,” ಎಂದಿದ್ದಳು. ಲ್ಯಾಬಿನ ಮುಳುಗುಗಾರರು ಬೇರೆ ಕೆಲಸಕ್ಕೆ ಹೋಗಿದ್ದರು. ಹಾಗಾಗಿ ಥೆಮೆಲಿನಾ ಅಪ್ಪನಿಗೆ ಫೋನು ಮಾಡಿ, ಹತ್ತು ಮುದುಕಿ ಬೇಕು ಎಂದು ಕೇಳಿದ್ದಳು. ದೋಣಿ ಬಿಟ್ಟು ಲ್ಯಾಬಿಗೆ ಸೇರಿದ ಆರು ವರ್ಷದಲ್ಲಿ ಅವಳು ಅಪ್ಪನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಆರು ವರ್ಷ ಲ್ಯಾಬಿನಲ್ಲಿದ್ದವಳಿಗೆ ಸ್ಪಂಜನ್ನು ಯಾರಾದರೂ ತೊಳೆದಾರು ಎಂಬುದೇ ಹೊಳೆಯಲಿಲ್ಲ. ನಲವತ್ತು ವರ್ಷ ದೋಣಿಯಲ್ಲಿದ್ದವನಿಗೆ ತೊಳೆಯದೆ ತರಬಹುದು ಎಂಬುದು ಹೊಳೆಯಲಿಲ್ಲ. ಇಬ್ಬರೂ ತಮ್ಮ ತಮ್ಮ ಕಸುಬಿನಲ್ಲಿ ಮುಳುಗಿಹೋದವರು, ಹೇಳುವುದೂ ಕೇಳುವುದೂ ತಪ್ಪಿಹೋಗಿತ್ತು.

ಸ್ಕೇವೊಸ್ ಒಂದೊಂದೇ ಕಾಲನ್ನು ಎತ್ತಿಡುತ್ತ, ಮೊಣಕಾಲಿಗೆ ಬೈಯುತ್ತ ದೋಣಿಯಿಂದ ಇಳಿದ. ಕೈಯಲ್ಲಿ ಸ್ಪಂಜಿನ ಸರ.

“ಹಿಂಡು,” ಎಂದ. “ಹಿಂಡಿ ನೋಡು ಮಗಳೇ.”

ಅವಳು ಹಿಂಡಿದಳು. ತಿಳಿನೀರು ಬಂತು.

“ಮೂರು ಸಲ ಕೋಲಲ್ಲಿ ಬಡಿಸಿದ್ದೀನಿ. ಐದು ಸಲ ಜಾಲಾಡಿಸಿದ್ದೀನಿ. ಸಕೆಲ್ಲಾರಿಸ್‌ನ ಕೈ ನೋಡು, ಸಿಪ್ಪೆ ಸುಲಿದುಹೋಗಿದೆ. ಮುದುಕಿಗೆ ಇಷ್ಟು ಸ್ನಾನ ಮಾಡಿಸಿದೋರು ಲೋಕದಲ್ಲೇ ಇಲ್ಲ.”

ಸಕೆಲ್ಲಾರಿಸ್ ಸ್ಕೇವೊಸ್‌ನ ಚಿಕ್ಕಪ್ಪನ ಮಗ. ದೋಣಿಯಲ್ಲಿ ಮುಳುಗುವುದು, ಬಡಿಯುವುದು, ಬೈಸಿಕೊಳ್ಳುವುದು ಮೂರೂ ಅವನ ಪಾಲಿನ ಕೆಲಸ. ಅವನು ದೋಣಿಯ ಮೇಲಿಂದಲೇ ಎರಡೂ ಕೈ ಎತ್ತಿ ತೋರಿಸಿ ಹಲ್ಲು ಕಿರಿದ.

“ತುಂಬಾ ಚೆನ್ನಾಗಿದೆ ಬಬಾ,” ಎಂದಳು ಥೆಮೆಲಿನಾ. ಅಪ್ಪನ ಮುಖದಲ್ಲಿ ಅಂಥ ಕಳೆ ನೋಡಿ ಎಷ್ಟೋ ಕಾಲವಾಗಿತ್ತು. ಸ್ಪಂಜಿನ ಸರವನ್ನು ಕೈಗೆ ತೆಗೆದುಕೊಂಡಳು.

ಊಟಕ್ಕೆ ಮನೆಗೆ ಹೋದರು. ತಾಯಿ ಸೆವಾಸ್ತಿ ಬದನೆಕಾಯಿ ತುಂಬಿಸಿ ಬೇಯಿಸಿದ್ದಳು, ಮಗಳು ಅದನ್ನು ಫೋರ್ಕಿನಲ್ಲಿ ತಟ್ಟೆಯ ಈ ಕಡೆಯಿಂದ ಆ ಕಡೆಗೆ ತಳ್ಳುತ್ತ ಕೂತಳು. ಸ್ಕೇವೊಸ್ ಸ್ಪಂಜು ತೊಳೆದ ಕತೆಯನ್ನು ಮೂರನೇ ಬಾರಿ ಶುರುಮಾಡಿದ್ದ.

“ಸಾಕು ನಿಲ್ಲಿಸ್ರಿ,” ಎಂದಳು ಸೆವಾಸ್ತಿ. “ಅವಳ ಮುಖ ನೋಡಿ. ಏನಾಯ್ತೇ?”

“ಏನಿಲ್ಲ ಅಮ್ಮಾ.”

“ಏನಿಲ್ಲ ಅಂದ್ರೆ ನನ್ನ ಬದನೆಕಾಯಿ ಚೆನ್ನಾಗಿಲ್ಲ ಅಂತ ಅರ್ಥ. ಯಾವುದು ಹೇಳ್ಬಿಡು.”

ಥೆಮೆಲಿನಾ ಫೋರ್ಕು ಕೆಳಗಿಟ್ಟಳು. “ಬಬಾ, ಆ ಸ್ಪಂಜು ನನಗೆ ಉಪಯೋಗಕ್ಕೆ ಬರಲ್ಲ. ನಾನು ಹೇಳಬೇಕಾಗಿತ್ತು, ಹೇಳಲಿಲ್ಲ. ತಪ್ಪು ನಂದೇ. ನನಗೆ ಬೇಕಾಗಿದ್ದು ಚರ್ಮ, ಮಾಂಸ, ಆ ಕಪ್ಪು ರಸ. ನೀನು ತೊಳೆದು ಬಿಟ್ಟಿದ್ದೇ ನನಗೆ ಬೇಕಾಗಿದ್ದು.”

ಸ್ಕೇವೊಸ್ ಬಾಯಲ್ಲಿದ್ದ ತುತ್ತನ್ನು ಅಗಿದು, ನುಂಗಿ, ನೀರು ಕುಡಿದ.

“ನನ್ನ ಸ್ಪಂಜು ಜಾಸ್ತಿ ಶುದ್ಧ ಆಯ್ತು ಅಂತೀಯಾ?”

“ಹೂಂ ಬಬಾ.”

“ನಲವತ್ತು ವರ್ಷದಲ್ಲಿ ಸಣ್ಣದಾಯ್ತು ಅಂದಿದ್ದಾರೆ, ಹರಿದಿದೆ ಅಂದಿದ್ದಾರೆ, ಬೆಲೆ ಜಾಸ್ತಿ ಅಂದಿದ್ದಾರೆ. ಶುದ್ಧ ಜಾಸ್ತಿ ಅಂದೋಳು ನೀನೊಬ್ಳೇ.” ಅವನು ಮೇಜು ಹಿಡಿದು ಎದ್ದು, ಕುಂಟುತ್ತ ಹಿತ್ತಲಿಗೆ ಹೋದ.

“ಆ ಹತ್ತು ನಂಗಿರಲಿ ಬಿಡು, ಕಿಟಕಿ ಒರೆಸ್ತೀನಿ,” ಎಂದಳು ಸೆವಾಸ್ತಿ, ಏನೂ ಆಗದವಳಂತೆ. “ಹೋಗು ಹಿಂದೇನೇ. ಮುಖ ಊದಿಸಿಕೊಂಡು ಹತ್ತು ನಿಮಿಷ ಕೂತ್ರೆ ಆಮೇಲೆ ಹತ್ತು ದಿನ ಆದ್ರೂ ಇಳಿಯಲ್ಲ.”

ಹಿತ್ತಲಿನ ಅಂಜೂರದ ಮರದ ಕೆಳಗೆ ಅಪ್ಪ ಬೆನ್ನು ತಿರುಗಿಸಿ ಕೂತಿದ್ದ. ಥೆಮೆಲಿನಾ ಪಕ್ಕದಲ್ಲಿ ಒಂದು ಹಳೆಯ ಮೀನಿನ ಬುಟ್ಟಿ ಕವುಚಿ ಹಾಕಿಕೊಂಡು ಕೂತಳು.

“ಶುಕ್ರವಾರ ಮೀಟಿಂಗ್ ಇದೆ ಬಬಾ. ಅಷ್ಟರೊಳಗೆ ತೋರಿಸದಿದ್ರೆ ಮುದುಕೀನ ಪಟ್ಟಿಯಿಂದ ತೆಗೀತಾರೆ. ಎಂಟು ತಿಂಗಳ ಕೆಲಸ ಹೋಗುತ್ತೆ. ಬೇರೆ ಯಾರೂ ಅದನ್ನ ಮತ್ತೆ ಮುಟ್ಟಲ್ಲ.”

ಅವನು ಬೆನ್ನು ತಿರುಗಿಸಿಕೊಂಡೇ ಕೇಳಿದ: “ಆ ಗಲೀಜಿನಲ್ಲಿ ಏನಿದೆ?”

ಹೇಗೆ ಹೇಳುವುದೆಂದು ಅವಳು ಯೋಚಿಸಿದಳು. “ನಮ್ಮ ಮೈಯಲ್ಲಿ ಕಾವಲು ಕಾಯೋ ಕೋಶಗಳಿವೆ. ಕ್ರಿಮಿ ಬಂದ್ರೆ ಹಿಡಿದು ನುಂಗ್ತಾವೆ. ನುಂಗೋವಾಗ ಕೂಗ್ತಾವೆ, ಬನ್ರೋ ಬನ್ರೋ ಅಂತ ಬೇರೆ ಕೋಶಗಳನ್ನ ಕರೀತಾವೆ. ಆಗ ಆ ಜಾಗ ಕೆಂಪಾಗಿ ಊದುತ್ತೆ, ಬಿಸಿ ಆಗುತ್ತೆ. ಅದು ಒಳ್ಳೇದೇ. ಆದ್ರೆ ಕೆಲವು ಸಲ ಕ್ರಿಮಿ ಹೋದ್ರೂ ಕೂಗೋದು ನಿಲ್ಲಿಸಲ್ಲ.”

“ನಿನ್ನ ಅಮ್ಮನ ಹಾಗೆ.”

“ಬಬಾ!”

“ಹೇಳು, ಹೇಳು.”

“ಕೂಗು ನಿಲ್ಲದಿದ್ರೆ ಊತ ನಿಲ್ಲಲ್ಲ, ನೋವು ನಿಲ್ಲಲ್ಲ. ಸ್ಪಂಜು ನೋಡು, ಕಡಲ ತಳದಲ್ಲಿ ಅಂಟಿಕೊಂಡಿರುತ್ತೆ. ಓಡೋಕಾಗಲ್ಲ, ಕಚ್ಚೋಕಾಗಲ್ಲ. ಬದುಕೋಕೆ ಅಂತ ಮೈಯಲ್ಲೇ ಏನೇನೋ ರಸ ಮಾಡಿಕೊಳ್ಳುತ್ತೆ. ಮುದುಕಿಯ ರಸ ಹಾಕಿದ್ರೆ ಆ ಕೋಶಗಳು ಕೂಗೋದು ಕಡಿಮೆ ಮಾಡ್ತಾವೆ.”

ಸ್ಕೇವೊಸ್ ತನ್ನ ಎಡ ಮೊಣಕಾಲನ್ನು ಅಂಗೈಯಿಂದ ಸವರುತ್ತಿದ್ದ. ಅದು ಅಭ್ಯಾಸವೋ, ಮಾತು ಕೇಳಿ ಕೈ ಅಲ್ಲಿಗೆ ಹೋಯಿತೋ ಅವಳಿಗೆ ತಿಳಿಯಲಿಲ್ಲ. ಕೇಳಲೂ ಹೆದರಿಕೆಯಾಯಿತು.

“ಅಂದ್ರೆ ನಲವತ್ತು ವರ್ಷದಿಂದ,” ಎಂದ ಅವನು ನಿಧಾನವಾಗಿ, “ನಾನು ಔಷಧಿ ಎಲ್ಲಾ ಕಡಲಿಗೆ ಚೆಲ್ಲಿ ಬೂಸಾ ಮಾತ್ರ ಮನೆಗೆ ತಂದಿದ್ದೀನಿ.”

“ಹಾಗಲ್ಲ ಬಬಾ...”

“ಹಾಗೇನೇ.” ಅವನ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾನೆಂದು ಅವಳಿಗೆ ಗಾಬರಿಯಾಯಿತು. ಅವನು ನಗುತ್ತಿದ್ದ. “ಈ ಕೊಲ್ಲಿಯಲ್ಲಿರೋ ಮೀನುಗಳಿಗೆಲ್ಲ ಎಂಥಾ ಮೊಣಕಾಲು ಇರ್ಬೇಕು! ಒಂದಕ್ಕಾದ್ರೂ ನೋವಿಲ್ಲ! ನನ್ನ ಪುಣ್ಯದಿಂದ ಎಲ್ಲಾ ಕುಣೀತಿರ್ತಾವೆ!”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಿಟಕಿಯಿಂದ ಇಣುಕಿದ ಸೆವಾಸ್ತಿ ತಲೆ ಅಲ್ಲಾಡಿಸಿ ಒಳಗೆ ಹೋದಳು.

“ನಾಳೆ ಭಾನುವಾರ, ಇಗರ್ಜಿಗೆ ಹೋಗ್ಬೇಕು,” ಎಂದ ಸ್ಕೇವೊಸ್ ಕಣ್ಣೊರೆಸಿಕೊಂಡು. “ಸೋಮವಾರ ಹೊರಡೋಣ. ಆದ್ರೆ ನೀನೂ ಬರ್ಬೇಕು. ನನ್ನ ಕೈ ನನ್ನ ಮಾತು ಕೇಳಲ್ಲ. ಕಪ್ಪು ಕಂಡ್ರೆ ತೊಳೀತದೆ.”

ಅವನು ಹೇಳಿದ್ದು ನಿಜ ಎಂದು ಸೋಮವಾರ ಗೊತ್ತಾಯಿತು. ಕಡಲು ಅಲ್ಲಾಡದೆ ಮಲಗಿತ್ತು. ಸಕೆಲ್ಲಾರಿಸ್ ಗಾಳಿಯ ಕೊಳವೆ ಬಾಯಿಗೆ ಕಚ್ಚಿಕೊಂಡು ಇಳಿದು, ಕಾಲು ಗಂಟೆಯೊಳಗೆ ಬಲೆಚೀಲದಲ್ಲಿ ಮೊದಲ ಮುದುಕಿಯನ್ನು ಕಳಿಸಿದ. ಬುಡ ಬಿಟ್ಟು ಕೊಯ್ದಿದ್ದ, ಹಾಗೆ ಬಿಟ್ಟರೆ ಮತ್ತೆ ಬೆಳೆಯುತ್ತದೆ. ಥೆಮೆಲಿನಾ ಅದನ್ನು ಕಡಲ ನೀರಿನ ಚೀಲಕ್ಕೆ ಹಾಕಿ ಐಸಿನಲ್ಲಿಟ್ಟಳು. ಎರಡನೆಯದೂ ಹಾಗೇ ಆಯಿತು. ಮೂರನೆಯದನ್ನು ಸಕೆಲ್ಲಾರಿಸ್ ತಾನೇ ಹಿಡಿದುಕೊಂಡು ಮೇಲೆ ಬಂದ, ಕನ್ನಡಕ ತೆಗೆದ, ಸ್ಪಂಜನ್ನು ಹಲಗೆಯ ಮೇಲೆ ಎಸೆದ, ಅದರ ಮೇಲೆ ಹತ್ತಿ ನಿಂತು ತುಳಿಯತೊಡಗಿದ.

“ಚಿಕ್ಕಪ್ಪಾ! ಇಳಿ! ಇಳಿ ಕೆಳಗೆ!” ಥೆಮೆಲಿನಾ ಚೀರಿದಳು.

ಸಕೆಲ್ಲಾರಿಸ್ ತನ್ನ ಕಾಲನ್ನು ತಾನೇ ನೋಡಿಕೊಂಡ. ಹೆಬ್ಬೆರಳಿನ ಸಂದಿಯಿಂದ ಕಪ್ಪು ರಸ ಹರಿಯುತ್ತಿತ್ತು. “ನಾನಲ್ಲ ಕಣೇ, ಕಾಲು,” ಎಂದ.

“ಕಾಲು ಯಾರದು?”

“ನಂದೇ. ಆದ್ರೆ ಅದು ನನ್ನ ಕೇಳಲಿಲ್ಲ.”

ಆ ಸ್ಪಂಜು ಲೆಕ್ಕದಿಂದ ಹೋಯಿತು. ಆಮೇಲಿಂದ ಅವನು ಮೇಲೆ ಬಂದಾಗಲೆಲ್ಲ ಸ್ಕೇವೊಸ್ ಅವನ ಪಕ್ಕ ಕೋಲು ಹಿಡಿದು ನಿಂತ. “ಕಾಲೆತ್ತಿದ್ರೆ ಬೀಳುತ್ತೆ,” ಎಂದು ಎಚ್ಚರಿಸುತ್ತಿದ್ದ. ಹೀಗೆ ಬೇರೆಯವರಿಗೆ ಕಾವಲಾಗಿದ್ದವನೇ ಮಧ್ಯಾಹ್ನ ಐಸುಪೆಟ್ಟಿಗೆಯ ಮುಚ್ಚಳ ತೆಗೆದು ಬಗ್ಗಿಕೊಂಡಿದ್ದನ್ನು ಮಗಳು ಕಂಡಳು. ಎರಡು ಬೆರಳಲ್ಲಿ ಒಂದು ಮುದುಕಿಯ ಅಂಚಿನ ಚರ್ಮ ಹಿಡಿದಿದ್ದ.

“ಬಬಾ.”

“ಒಂದು ಚೂರು ಮಾತ್ರ. ಇಲ್ಲಿ ಜೋತುಬಿದ್ದಿದೆ, ನೋಡೋಕೆ ಅಸಹ್ಯ.”

“ಬಬಾ, ಕೈ ತೆಗಿ.”

“ನಿನ್ನ ಡಾಕ್ಟರಮ್ಮ ಏನಂದ್ಕೋತಾಳೆ? ಸ್ಕೇವೊಸ್‌ನ ದೋಣಿಯಿಂದ ಇಂಥದ್ದು ಬಂತು ಅಂತ...”

ಥೆಮೆಲಿನಾ ಅವನ ಕೈ ಮೇಲೆ ಒಂದೇಟು ಕೊಟ್ಟಳು. ಅವನು ಚಿಕ್ಕ ಹುಡುಗನಂತೆ ಕೈ ಹಿಂದೆಳೆದುಕೊಂಡ. ಆಮೇಲೆ ಅವಳು ಪೆಟ್ಟಿಗೆಯ ಮೇಲೆಯೇ ಕೂತುಬಿಟ್ಟಳು. ಐಸಿನಲ್ಲಿ ಜಾಗ ಸಾಲದೆ ಊಟದ ಡಬ್ಬಿ ಹೊರಗೆ ಬಿಸಿಲಲ್ಲಿತ್ತು. ಸೆವಾಸ್ತಿ ಸುತ್ತಿಕೊಟ್ಟಿದ್ದ ದ್ರಾಕ್ಷಿ ಎಲೆಯ ಕಡುಬು ಹುಳಿಬಂದಿತ್ತು, ಮೂವರೂ ಬೈಯುತ್ತ ತಿಂದು ಮುಗಿಸಿದರು. ಎಷ್ಟು ವರ್ಷದ ಮೇಲೆ ಅಪ್ಪನ ಜೊತೆ ದೋಣಿಯಲ್ಲಿ ಕೂತು ಊಟ ಮಾಡುತ್ತಿದ್ದೇನೆ ಎಂದು ಥೆಮೆಲಿನಾ ನೆನೆಸಿಕೊಂಡಳು. ಮನಸ್ಸು ತುಂಬಿಬಂತು.

ಸಂಜೆ ಧಕ್ಕೆಗೆ ಬಂದಾಗ ಇನ್ನೂ ಬಿಸಿಲಿತ್ತು, ಕಾಫಿ ಅಂಗಡಿಯ ಮುಂದೆ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಮುದುಕಿ ಬದುಕಿರುವಾಗಲೂ ಬೆಳ್ಳುಳ್ಳಿ ಕೊಳೆತ ವಾಸನೆ ಹೊಡೆಯುವ ಜಾತಿ, ಪೆಟ್ಟಿಗೆ ಎಷ್ಟು ಬಿಗಿಯಾಗಿ ಮುಚ್ಚಿದರೂ ಅದು ಹೊರಗೆ ಬಂದೇ ಬರುತ್ತದೆ. ಮಗಳು ಹಿಡಿಯಲು ಹೋದರೆ ಸ್ಕೇವೊಸ್ ಬಿಡಲಿಲ್ಲ. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಪೆಟ್ಟಿಗೆಯನ್ನು ತಾನೇ ಎದೆಗೊತ್ತಿ ಹಿಡಿದು, ಕುಂಟುತ್ತ ಅವರೆಲ್ಲರ ಮುಂದೆ ಹಾದುಹೋದ.

“ಕಪ್ತಾನಾ, ಯಾರು ಸತ್ರು?” ಎಂದ ಒಬ್ಬ ಮೂಗು ಮುಚ್ಚಿಕೊಂಡು.

“ವಿಜ್ಞಾನ,” ಎಂದ ಸ್ಕೇವೊಸ್ ತಲೆ ಎತ್ತದೆ. ಅವನ ಕಿವಿ ಕೆಂಪಾಗಿದ್ದನ್ನು ಥೆಮೆಲಿನಾ ನೋಡಿದಳು.

ಮಂಗಳವಾರ ಅವಳು ಮುದುಕಿಯನ್ನು ಹೆಚ್ಚಿ, ಅರೆದು, ಮದ್ಯಸಾರದಲ್ಲಿ ನೆನೆಸಿ ಸಾರ ತೆಗೆದಳು. ಬುಧವಾರ ಗಾಜಿನಂತೆ ಪಾರದರ್ಶಕವಾದ ತಟ್ಟೆಯ ಸಣ್ಣ ಸಣ್ಣ ಗುಳಿಗಳಲ್ಲಿ ಕೋಶಗಳನ್ನಿಟ್ಟು, ಸತ್ತ ಕ್ರಿಮಿಯ ಪುಡಿ ಹಾಕಿ ಕೆರಳಿಸಿದಳು. ಅರ್ಧ ಗುಳಿಗಳಿಗೆ ಮುದುಕಿಯ ಸಾರ, ಅರ್ಧಕ್ಕೆ ಏನೂ ಇಲ್ಲ. ಗುರುವಾರ ಬೆಳಿಗ್ಗೆ ಅವುಗಳ ನೀರನ್ನು ಬೇರೆ ತಟ್ಟೆಗೆ ತೆಗೆದು ಬಣ್ಣ ಕಟ್ಟುವ ಔಷಧಿ ಹಾಕಬೇಕು. ಕೋಶಗಳು ಎಷ್ಟು ಕೂಗಿದ್ದವೋ ಅಷ್ಟು ಹಳದಿ ಬರುತ್ತದೆ.

ಗುರುವಾರ ಹತ್ತು ಗಂಟೆಗೆ ಲ್ಯಾಬಿನ ಬಾಗಿಲಲ್ಲಿ ಸ್ಕೇವೊಸ್ ನಿಂತಿದ್ದ. ಇಗರ್ಜಿಗೆ ಹೋಗುವ ಕೋಟು, ಕೈಯಲ್ಲಿ ಸೆವಾಸ್ತಿ ಕಳಿಸಿದ ಎಳ್ಳಿನ ಬಿಸ್ಕತ್ತಿನ ತಟ್ಟೆ. ಬರುತ್ತೇನೆಂದು ಒಂದು ಮಾತೂ ಹೇಳಿರಲಿಲ್ಲ.

“ಬಿಸ್ಕತ್ತು ಕೊಟ್ಟು ಹೋಗೋಣ ಅಂತ,” ಎಂದ.

“ನಲವತ್ತೈದು ಕಿಲೋಮೀಟರ್ ಬಿಸ್ಕತ್ತಿಗೋಸ್ಕರ ಬಂದ್ಯಾ?”

“ಬಿಸಿ ಇದೆ.” ಅದು ತಣ್ಣಗಾಗಿತ್ತು.

ಅವನನ್ನು ಒಂದು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಏನನ್ನೂ ಮುಟ್ಟಬಾರದೆಂದು ಹೇಳಿ, ಥೆಮೆಲಿನಾ ಔಷಧಿ ಹಾಕಿದಳು. ಇಬ್ಬರೂ ಬಗ್ಗಿ ನೋಡುತ್ತ ನಿಂತರು. ಎಡಗಡೆಯ ಗುಳಿಗಳು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದವು. ಬಲಗಡೆಯವು, ಮುದುಕಿಯ ಸಾರ ಬಿದ್ದವು, ಬೆಳ್ಳಗೇ ಉಳಿದವು.

“ಬಂತು!” ಥೆಮೆಲಿನಾ ಅಪ್ಪನ ಭುಜಕ್ಕೆ ಗುದ್ದಿದಳು. “ಬಂತು ಬಬಾ! ಎಂಟು ತಿಂಗಳ ಹಿಂದೆ ಬಂದ ಹಾಗೇ!”

ಆ ಗದ್ದಲಕ್ಕೆ ಡಾಕ್ಟರ್ ಹ್ಯಾಡಿಕ್ಸ್ ತನ್ನ ಕೋಣೆಯಿಂದ ಬಂದಳು. ಎತ್ತರದ, ಬಿಳಿಗೂದಲಿನ, ಒಳ್ಳೆಯ ಸುದ್ದಿಯನ್ನು ಅಷ್ಟು ಸುಲಭವಾಗಿ ನಂಬದ ಹೆಂಗಸು. ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು.

“ಚೆನ್ನಾಗಿದೆ. ಆದ್ರೆ ಹೊಸ ಸಾರ ಹಳೇದಕ್ಕಿಂತ ಗಟ್ಟಿಯಾಗಿದೆಯಲ್ಲ? ಇವು ಸುಮ್ಮನಾಗಿವೆಯೋ ಸತ್ತುಹೋಗಿವೆಯೋ?”

ಥೆಮೆಲಿನಾಳ ನಗು ಅರ್ಧಕ್ಕೇ ನಿಂತಿತು. ಸತ್ತ ಕೋಶವೂ ಕೂಗುವುದಿಲ್ಲ. ವಿಷ ಹಾಕಿ ಕೊಂದರೂ ಗುಳಿ ಬೆಳ್ಳಗೇ ಇರುತ್ತದೆ. ಅವಳಿಗೆ ಅದು ಗೊತ್ತಿರದ ಮಾತಲ್ಲ, ಸಂತೋಷದಲ್ಲಿ ಒಂದು ನಿಮಿಷ ಮರೆತಿದ್ದಳು ಅಷ್ಟೆ.

“ಈಗ್ಲೇ ನೋಡ್ತೀನಿ ಡಾಕ್ಟರ್.”

“ನೋಡು. ಸತ್ತಿದ್ರೆ ನಾಳೆ ಅದರ ಮಾತು ಬೇಡ.”

ಸ್ಕೇವೊಸ್‌ಗೆ ಅವರ ಮಾತೆಲ್ಲ ಅರ್ಥವಾಗಿತ್ತು. ಅವನ ಮುಖ ಬಿಳಿಚಿಕೊಂಡಿತು. ಮಗಳ ತೋಳು ಹಿಡಿದು ಪಕ್ಕಕ್ಕೆ ಎಳೆದ.

“ಗಲೀಜು ತಂದುಕೊಟ್ಟು ನಾನೇ ಕೊಂದ್ನಾ? ನೋಡು, ಅದಕ್ಕೇ ಹೇಳಿದ್ದು ನಾನು. ಸ್ವಲ್ಪನಾದ್ರೂ ತೊಳೀಬೇಕಿತ್ತು.”

“ಇಲ್ಲ ಬಬಾ, ಹಾಗಿಲ್ಲ...” ಎಂದಳು. ಹಾಗಿರಲೂಬಹುದು ಎಂಬ ಹೆದರಿಕೆ ಅವಳಿಗೇ ಇತ್ತು. ಅಪ್ಪ ತನ್ನ ಮಾನವನ್ನು ಎಲ್ಲರೆದುರು ಪೆಟ್ಟಿಗೆಯಲ್ಲಿ ಹೊತ್ತು ನಡೆದದ್ದು ಇದಕ್ಕೇನಾ ಎನಿಸಿತು.

ಅದನ್ನು ತಿಳಿಯುವ ದಾರಿ ಹಳೆಯದು, ಸರಳವಾದದ್ದು. ಕೋಶಗಳಿಗೆ ಒಂದು ನೀಲಿ ಬಣ್ಣ ಹಾಕುತ್ತಾರೆ. ಬದುಕಿರುವ ಕೋಶ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸತ್ತದ್ದು ತಡೆಯಲಾರದೆ ನೀಲಿಯಾಗುತ್ತದೆ. ಥೆಮೆಲಿನಾ ಮುದುಕಿಯ ಸಾರ ಬಿದ್ದ ಗುಳಿಯ ತಳದಿಂದ ಕೋಶಗಳನ್ನು ಬಿಡಿಸಿ, ಒಂದು ಹನಿ ತೆಗೆದು, ನೀಲಿ ಬೆರೆಸಿ ಗಾಜಿಗೆ ಹಾಕಿದಳು. ಮೊದಲ ಹನಿ ಆಚೆ ಬಿತ್ತು, ಇನ್ನೊಂದು ಹಾಕಿದಳು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು.

ಮೊದಲು ಎಲ್ಲ ಮಸುಕು. ತಿರುಪು ತಿರುಗಿಸಿದಳು. ದುಂಡಗಿನ, ಹೊಳೆಯುವ, ಬಣ್ಣವಿಲ್ಲದ ಕೋಶಗಳು ಒಂದರ ಪಕ್ಕ ಒಂದು ಕಂಡವು. ಅಲ್ಲೊಂದು ನೀಲಿ. ದೂರದಲ್ಲಿ ಇನ್ನೊಂದು. ಅವಳು ತುಟಿಯಲ್ಲೇ ಎಣಿಸಿದಳು, ನಂಬಿಕೆಯಾಗದೆ ಮತ್ತೆ ಎಣಿಸಿದಳು.

“ನೂರಕ್ಕೆ ನಾಲ್ಕು,” ಎಂದಳು. “ಸಾರ ಹಾಕದೇ ಇರೋದ್ರಲ್ಲಿ ಯಾವಾಗ್ಲೂ ಅಷ್ಟೇ ಇರುತ್ತೆ.”

ಡಾಕ್ಟರ್ ಹ್ಯಾಡಿಕ್ಸ್ ಬಗ್ಗಿ ತಾನೂ ಎಣಿಸಿದಳು. ಸಾರ ಹಾಕದ ಗುಳಿಯ ಹನಿಯನ್ನೂ ತರಿಸಿ ಎಣಿಸಿದಳು, ಅದರಲ್ಲಿ ಐದಿತ್ತು. ನೆಟ್ಟಗೆ ನಿಂತು ಸ್ಕೇವೊಸ್‌ನ ಕಡೆ ತಿರುಗಿದಳು.

“ಕಪ್ತಾನ್, ಸ್ಪಂಜಿನ ತೂತು ನೋಡಿಯೇ ದರ್ಜೆ ಹೇಳ್ತೀರಂತೆ. ಒಳ್ಳೆ ಕಣ್ಣಿರಬೇಕು. ನೀವೂ ಒಂದು ಸಲ ಮೊದಲನೇದನ್ನ ನೋಡಿ.”

ಸ್ಕೇವೊಸ್ ಟೋಪಿ ತೆಗೆದು, ಇಗರ್ಜಿಯಲ್ಲಿ ಬಗ್ಗುವ ಹಾಗೆ ಬಗ್ಗಿದ. ಬಹಳ ಹೊತ್ತು ನೋಡಿದ.

“ನೀಲಿ ಇರೋದು ಸತ್ತಿರೋದಾ?”

“ಹೌದು.”

“ನಾಲ್ಕು. ಐದನೇದು ಅಂಚಿನ ಗೆರೆ ಮೇಲಿದೆ, ಅದನ್ನ ಲೆಕ್ಕಕ್ಕೆ ತಗೊಳ್ಳೋದು ಬಿಡೋದು ನಿಮ್ಮಿಷ್ಟ. ಮಿಕ್ಕಿದ್ದೆಲ್ಲ ಬದುಕಿವೆ.” ತಲೆ ಎತ್ತಿದ. “ಎಲ್ಲಾ ಬದುಕಿವೆ ಡಾಕ್ಟರ್. ಸುಮ್ಮನೆ ಕೂತಿವೆ.”

“ಹಾಗಾದ್ರೆ ನಾಳೆ ಪಟ್ಟಿಯಲ್ಲಿ ಮುದುಕಿ ಇರ್ತಾಳೆ,” ಎಂದಳು ಹ್ಯಾಡಿಕ್ಸ್. ಎರಡು ಬಿಸ್ಕತ್ತು ತೆಗೆದುಕೊಂಡಳು. ಬಾಗಿಲಲ್ಲಿ ತಿರುಗಿ, “ಹೀಗೆ ಚರ್ಮ ಎಲ್ಲಾ ಇದ್ದ ಹಾಗೇ ಒಳ್ಳೆ ಸ್ಥಿತಿಯಲ್ಲಿ ಸ್ಪಂಜು ನಮಗೆ ಯಾವತ್ತೂ ಬಂದಿರಲಿಲ್ಲ ಕಪ್ತಾನ್,” ಎಂದು ಹೋದಳು.

ಸ್ಕೇವೊಸ್ ಮಗಳ ಮುಖ ನೋಡಿದ. “ಹೊಗಳಿದಳೋ ಬೈದಳೋ?”

“ಹೊಗಳಿದ್ದು ಬಬಾ.”

“ತೊಳೀಲಿಲ್ಲ ಅಂತ ಹೊಗಳಿದಳು,” ಎಂದ ಅವನು, ತನಗೆ ತಾನೇ ಅರ್ಥ ಮಾಡಿಸಿಕೊಳ್ಳುವವನಂತೆ. “ಮನೇಲಿ ಹೇಳಿದ್ರೆ ನಿಮ್ಮಮ್ಮ ನಂಬಲ್ಲ.”

ಥೆಮೆಲಿನಾ ಅವನನ್ನು ವಾಹನ ನಿಲ್ಲಿಸುವ ಜಾಗದವರೆಗೆ ಬಿಡಲು ಹೋದಳು. ಕಾಲು ನೆಲಕ್ಕೆ ತಾಗದಷ್ಟು ಹಗುರಾಗಿದ್ದಳು, ಏನೇನೋ ಹೇಳುತ್ತಿದ್ದಳು, ಮುಂದಿನ ತಿಂಗಳು ಸಾರದಲ್ಲಿರುವ ರಸಗಳನ್ನು ಒಂದೊಂದಾಗಿ ಬಿಡಿಸಬೇಕು, ಯಾವುದು ಕೆಲಸ ಮಾಡಿತೆಂದು ಹುಡುಕಬೇಕು ಎಂದೆಲ್ಲ. ಅಪ್ಪ ಹೂಂಗುಟ್ಟುತ್ತ ಪಕ್ಕದಲ್ಲಿ ಕುಂಟುತ್ತಿದ್ದ. ತನ್ನ ಹಳೆಯ ಪಿಕಪ್ಪಿನ ಬಾಗಿಲು ತೆಗೆದು ನಿಂತು, ಅವಳ ಕಡೆ ನೋಡದೆ ಕೇಳಿದ:

“ಇದು ಔಷಧಿ ಆಗಿ ಅಂಗಡಿಗೆ ಬರೋದು ಯಾವಾಗ?”

ಅವಳು ಶನಿವಾರದಿಂದ ಹೆದರಿಕೊಂಡಿದ್ದ ಪ್ರಶ್ನೆ ಅದು. ಸುಳ್ಳು ಹೇಳಬಹುದಿತ್ತು. ಅಪ್ಪನಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

“ಹತ್ತು ವರ್ಷ ಆಗಬಹುದು ಬಬಾ. ಹದಿನೈದು ಆಗಬಹುದು. ಗುಳಿಯಲ್ಲಿ ಆಗಿದ್ದು ಇಲಿಯಲ್ಲಿ ಆಗಬೇಕು, ಆಮೇಲೆ ಮನುಷ್ಯರಲ್ಲಿ. ಎಷ್ಟೋ ಸಲ ಮಧ್ಯದಲ್ಲೇ ಕೈಕೊಡುತ್ತೆ. ಆಗದೇನೂ ಇರಬಹುದು.”

“ನನಗೆ ಅರವತ್ತಾರು.”

“ಗೊತ್ತು ಬಬಾ.”

ಅವನು ಸೀಟಿಗೆ ಬೆನ್ನು ಕೊಟ್ಟು ಕೂತು, ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡ. ನೋವಿಗೆ ಒಂದು ಕ್ಷಣ ಕಣ್ಣು ಮುಚ್ಚಿ ತೆಗೆದ. ಥೆಮೆಲಿನಾಗೆ ಅಳು ಬಂತು. ಎಂಟು ತಿಂಗಳ ಸಂತೋಷವೆಲ್ಲ ಆ ಒಂದು ಕಾಲಿಗೆ ಉಪಯೋಗವಿಲ್ಲವಲ್ಲ ಎನಿಸಿತು. ಅವಳು ಅತ್ತ ತಿರುಗಿ ಮೂಗೊರೆಸಿಕೊಂಡಳು. ಎಂಜಿನ್ನು ಶುರುವಾಯಿತು, ಆದರೆ ಗಾಡಿ ಹೊರಡಲಿಲ್ಲ. ಕಿಟಕಿ ಇಳಿಯಿತು.

“ಮುಂದಿನ ಸಲ ಎಷ್ಟು ಬೇಕು?”

ಅವಳು ತಿರುಗಿದಳು. ಅಪ್ಪ ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟುಕೊಂಡು, ವ್ಯಾಪಾರಿಗಳ ಮುಂದೆ ಕೂರುವಷ್ಟು ಗಂಭೀರವಾಗಿ ಕಾಯುತ್ತಿದ್ದ.

“ಇಪ್ಪತ್ತು,” ಎಂದಳು.

“ಇಪ್ಪತ್ತು. ಎಲ್ಲಾ ಗಲೀಜು?”

“ಎಲ್ಲಾ ಗಲೀಜು ಬಬಾ.”

“ಸಕೆಲ್ಲಾರಿಸ್‌ನ ಕಾಲಿಗೆ ನೀನೇ ಬಂದು ಹೇಳು,” ಎಂದ ಸ್ಕೇವೊಸ್ ಗೇರು ಹಾಕುತ್ತ. “ಸೋಮವಾರ ನಾಲ್ಕು ಗಂಟೆಗೆ ಹೊರಡ್ತೀವಿ. ತಡ ಮಾಡಿದ್ರೆ ಬಿಟ್ಟುಹೋಗ್ತೀನಿ.”